ಗುರುತು ಸಿಗದ ಹೆಬ್ಬೆರಳು

ಬಾಗಿಲು ಅವಳನ್ನು ಒಳಗೆ ಬಿಡಲಿಲ್ಲ.

ಕೈ ಒದ್ದೆಯಿರಬೇಕೆಂದು ಸೊಸೆ ಹೆಬ್ಬೆರಳನ್ನು ಬಟ್ಟೆಗೆ ಒರೆಸಿ ಮತ್ತೆ ಒತ್ತಿದಳು. ಕೆಂಪು ದೀಪ. ಇನ್ನೊಮ್ಮೆ ಒತ್ತಿದಳು. ಮತ್ತೆ ಕೆಂಪು. ಬೆಳಿಗ್ಗೆ ಇದೇ ಜಾಗದಲ್ಲಿದ್ದ ಹಳೆಯ ಗುಂಡಿ ಮಾಯವಾಗಿ, ಕಪ್ಪು ಗಾಜಿನ ಫಲಕವೊಂದು ಬಂದು ಕೂತಿತ್ತು. ಅದರ ಮೇಲೆ ಅಕ್ಷರಗಳು ಮೂಡಿದವು: ‘ಗುರುತು ಸಿಗಲಿಲ್ಲ. ದಯವಿಟ್ಟು ಕರೆಗಂಟೆ ಒತ್ತಿ.’

ಒತ್ತಿದಳು. ಮದುವೆಯಾಗಿ ಬಂದ ಮನೆಯ ಮುಂದೆ ಮೊದಲ ಸಲ ಗಂಟೆ ಬಾರಿಸಿ ಕಾದಳು.

ಬಾಗಿಲು ತೆರೆದವರು ಮಾವ. “ಅಯ್ಯೋ ಮಗಳೇ, ನಿಂದು ಬಿಟ್ಟುಹೋಯ್ತಲ್ಲ! ಆ ಮೆಕ್ಯಾನಿಕ್ ಎಡವಟ್ಟು ಮಾಡಿದ್ದಾನೆ. ಹೊಸದು ಕೂರಿಸೋವಾಗ ಹಳೇದೆಲ್ಲ ಅಳಿಸಿಹೋಯ್ತಂತೆ. ನಾವು ಮೂರು ಜನ ಹೊಸದಾಗಿ ಬೆರಳು ಕೊಟ್ವಿ. ನೀನು ಕೆಲಸಕ್ಕೆ ಹೋಗಿದ್ದೆ.”

“ಹಾಗಾದ್ರೆ ಈಗ ಕೊಡ್ಲಾ?”

“ಬೇಡ ಬೇಡ. ನಾವು ಮುಟ್ಟಿದ್ರೆ ಗ್ಯಾರಂಟಿ ಹೋಗುತ್ತೆ. ಕಂಪನಿಯವರೇ ಬರ್ಲಿ.”

ಹಳೆಯ ವ್ಯವಸ್ಥೆಯನ್ನು ಕೂರಿಸಿದ್ದವನು ಅವಳ ಗಂಡ. ಮೆಟ್ಟಿಲ ಕೆಳಗಿನ ಪೆಟ್ಟಿಗೆ, ಗೋಡೆಯೊಳಗಿನ ತಂತಿ, ಎಲ್ಲವೂ ಅವನ ಕೈಕೆಲಸ. ಯಾರು ಬೆರಳಿಟ್ಟರೆ ಅವರಿಗೆ ಬೇಕಾದ ದೀಪ ಹತ್ತುತ್ತಿತ್ತು, ಅವರ ಕೋಣೆಯ ಗೀಸರ್ ಚಾಲೂ ಆಗುತ್ತಿತ್ತು. ಅವನು ತೀರಿಕೊಂಡಮೇಲೆ ಪೆಟ್ಟಿಗೆ ಆಗಾಗ ಕೈಕೊಡತೊಡಗಿತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಹೊಸದು ಹಾಕಿಸೋಣವೆಂದು ಮಾವನೇ ಓಡಾಡಿದ್ದರು.

ಕಂಪನಿಯವರು ಬರಲಿಲ್ಲ. ದಿನಾ ಸಂಜೆ ಎಕ್ಸ್‌ರೇ ಕ್ಲಿನಿಕ್ಕಿನ ಕೆಲಸ ಮುಗಿಸಿ ಬಂದು ಅವಳು ಗಂಟೆ ಒತ್ತುವಳು. ಮೇಲಿನ ಕಿಟಕಿಯ ಹಳದಿ ಬೆಳಕು ಬಿದ್ದ ಮೆಟ್ಟಿಲ ಮೇಲೆ ನಿಂತು ಕಾಯುವಳು. ಒಮ್ಮೆ ಮೈದುನ ಫೋನಿನಲ್ಲಿ ಮಾತಾಡುತ್ತಲೇ ಬಂದು ತೆರೆಯುವನು. ಒಮ್ಮೆ ಅತ್ತೆ ತೆರೆದು, ಮುಖ ನೋಡದೆ ಒಳಗೆ ಹೋಗುವರು. ಯಾರೂ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಸ್ವಂತ ಮನೆಯಲ್ಲಿ ನೆಂಟಳಾಗುವ ಅವಮಾನವನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಹೀಗಿರುವಾಗ ಆ ಮೆಕ್ಯಾನಿಕ್ ಕ್ಲಿನಿಕ್ಕಿಗೇ ಹುಡುಕಿಕೊಂಡು ಬಂದ.

“ಮೇಡಂ, ನಿಮ್ಮ ಮಾವ ದೂರು ಕೊಟ್ಟಿದ್ದಾರೆ. ನನ್ನ ಕೆಲಸಕ್ಕೇ ಕುತ್ತು ಬಂದಿದೆ. ಹಳೇ ಪೆಟ್ಟಿಗೇಲಿ ಇದ್ದಿದ್ದನ್ನೆಲ್ಲ ನಾನು ಹಾಗ್‌ಹಾಗೇ ಹೊಸದಕ್ಕೆ ದಾಟಿಸಿದ್ದೆ. ನಾನು ಹೊರಡೋವಾಗ ನಿಮ್ಮ ಹೆಸರಿತ್ತು. ದೇವರಾಣೆ!”

“ನನ್ನ ಹೆಸರಿತ್ತಾ?”

“ಇತ್ತು ಮೇಡಂ. ಒಬ್ಬರನ್ನ ತೆಗೆದ್ರೆ ಅವರ ಬೆರಳು, ಲೈಟು, ಗೀಸರು ಎಲ್ಲ ಒಟ್ಟಿಗೇ ಹೋಗುತ್ತೆ. ಅದು ತಾನಾಗಿ ಆಗಲ್ಲ. ಯಾರೋ ಕೂತು ತೆಗೀಬೇಕು.”

ಅವಳು ಮಧ್ಯಾಹ್ನವೇ ತನ್ನ ಚಿಕ್ಕಮ್ಮನಿಗೆ ಫೋನ್ ಮಾಡಿದಳು.

ಚಿಕ್ಕಮ್ಮ ವಿಮಾ ಕಂಪನಿಯೊಂದರಲ್ಲಿ ಕಳ್ಳತನದ ದೂರುಗಳನ್ನು ತನಿಖೆ ಮಾಡಿ ನಿವೃತ್ತಿಯಾದವಳು. ಕಳ್ಳ ಯಾರೆಂದು ಹಿಡಿಯುವುದಕ್ಕಿಂತ, ಕಳ್ಳನೇ ಬಂದಿರಲಿಲ್ಲ ಎಂದು ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಮಂಡಿ ನೋಯುತ್ತಿತ್ತು, ನಾಲಿಗೆ ಮಾತ್ರ ಇನ್ನೂ ಚುರುಕಾಗಿತ್ತು.

“ನಿಂಗೆ ಏನು ಬೇಕು ಪುಟ್ಟಿ? ಬಾಗಿಲು ತೆಗೀಬೇಕಾ, ಕಳ್ಳ ಸಿಗಬೇಕಾ?”

“ಆ ಮನೇಲಿ ನಾನು ಇರಬಹುದೋ ಇಲ್ವೋ ಗೊತ್ತಾಗ್ಬೇಕು. ಮಷೀನು ಮರೆತಿದ್ರೆ ಇರ್ತೀನಿ. ಮನುಷ್ಯರು ಅಳಿಸಿದ್ರೆ—”

“ಯಾರಿಗಾದ್ರೂ ನಿನ್ನ ಮೇಲೆ ಮುನಿಸಿದೆಯಾ?”

“ಅತ್ತೆ. ಆಸ್ಪತ್ರೆಯಿಂದ ಬಂದಮೇಲೆ ಸರಿಯಾಗಿ ಮಾತೇ ಆಡಿಲ್ಲ.”

ಆಸ್ಪತ್ರೆಯ ಆ ಬೆಳಗನ್ನು ಚಿಕ್ಕಮ್ಮನೂ ಬಲ್ಲಳು. ಗಂಡನ ಉಸಿರಾಟದ ಯಂತ್ರ ನಿಲ್ಲಿಸಲು ಡಾಕ್ಟರು ಒಪ್ಪಿಗೆ ಕೇಳಿದ್ದರು. ಅತ್ತೆ ಬೆಂಚಿನ ಮೇಲೆ ಕುಸಿದಿದ್ದರು. ಮಾವ ‘ನೀನು ಹೇಗೆ ಹೇಳ್ತೀಯೋ ಹಾಗೆ, ಮಗಳೇ’ ಎಂದು ಕಾರಿಡಾರಿಗೆ ನಡೆದುಬಿಟ್ಟಿದ್ದರು. ಸಹಿ ಹಾಕಿದವಳು ಸೊಸೆ. ಆಮೇಲೆ ಬೆನ್ನು ತಟ್ಟಿ ‘ನೀನು ಮಾಡಿದ್ದೇ ಸರಿ’ ಎಂದವರು ಮಾವ ಒಬ್ಬರೇ.

ಭಾನುವಾರ ಚಿಕ್ಕಮ್ಮ ಬಂದಳು. ಮಂಡಿ ನೀವಿಕೊಳ್ಳುತ್ತಾ ಸೋಫಾದಲ್ಲಿ ಕೂತು, ಕಾಫಿ ಕುಡಿಯುತ್ತಲೇ ಮಾತಿಗೆ ಮಾತು ಪೋಣಿಸತೊಡಗಿದಳು.

“ಮಷೀನ್ ಚೆನ್ನಾಗಿದೆ ಬೀಗರೇ. ನಮ್ಮನೇಲೂ ಹಾಕಿಸ್ಬೇಕು. ಹೆಸರು ಸೇರಿಸೋದು ಕಷ್ಟನಾ?”

ಮಾವನಿಗೆ ಉತ್ಸಾಹ ಬಂತು. “ಸುಲಭ! ಆದ್ರೆ ಆಸಾಮಿ ಎದುರಿಗೆ ನಿಂತು ಬೆರಳು ಒತ್ತಲೇಬೇಕು. ಬರೀ ಹೆಸರು ಬರೆದ್ರೆ ಒಪ್ಪಲ್ಲ ಅದು.”

“ನೀವು ಮೂವರೂ ಹಾಗೇ ಒತ್ತಿದ್ರಾ?”

“ಮತ್ತೆ? ಹಳೇದೆಲ್ಲ ಅಳಿಸಿಹೋಗಿತ್ತಲ್ಲ!”

“ಹೆಸರು ತೆಗೆಯೋದು ಯಾರ್ಯಾರಿಗೆ ಗೊತ್ತು?”

“ಆವತ್ತು ಮೆಕ್ಯಾನಿಕ್ ಹೇಳ್ಕೊಡೋವಾಗ ಮೂವರೂ ನಿಂತು ನೋಡಿದ್ವಿ. ಯಾಕೆ?”

“ಸುಮ್ನೆ ಕೇಳಿದೆ.”

ಮೈದುನ ಫೋನಿನಿಂದ ತಲೆಯೆತ್ತದೆ ಗೊಣಗಿದ. “ನಂಗೆ ಮಾಡೋಕೆ ಬೇರೆ ಕೆಲಸ ಇಲ್ವಾ ಚಿಕ್ಕಮ್ಮ? ಮೇಲೆ ಅಣ್ಣ ಕೆಲಸ ಮಾಡ್ತಿದ್ದ ರೂಮನ್ನ ಆಫೀಸ್ ಮಾಡ್ಕೊಳ್ತೀನಿ, ಅಲ್ಲಿರೋದನ್ನೆಲ್ಲ ತೆಗೆಸಿ ಅಂತ ಎಷ್ಟು ಸಲ ಕೇಳಿದ್ದೀನಿ! ಅದಕ್ಕೇ ಯಾರೂ ಕಿವಿಗೊಡಲ್ಲ. ಈ ಮನೇಲಿ ನನ್ನ ಮಾತು ನಡೆಯುತ್ತಾ?”

ಚಿಕ್ಕಮ್ಮ ಅಡುಗೆಮನೆಗೆ ಹೋದಳು. ಸೊಸೆ ಬಾಗಿಲ ಮರೆಯಲ್ಲಿ ನಿಂತಳು.

“ಅಕ್ಕಾ, ನಮ್ಮ ಪುಟ್ಟೀನ ಕಂಡ್ರೆ ನಿಮಗೆ ಆಗಲ್ವಾ?”

ಅತ್ತೆ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. “ನಂಗೆ ಏನೂ ಆಗಲ್ಲ ಈಗ. ಸಂಜೆ ಆದ್ರೆ ಹಿತ್ತಲಿಗೆ ಹೋಗಿ ಕೂತ್ಬಿಡ್ತೀನಿ. ಮೇಲಿನ ರೂಮಿನ ಕಡೆ ತಲೆ ಎತ್ತಿ ನೋಡಕ್ಕಾಗಲ್ಲ. ಆ ದೀಪ ಒಂದು ಆರಿಸಿಬಿಡಿ ಅಂತ ಇವರ ಕೈಕಾಲು ಹಿಡಿದು ಸಾಕಾಯ್ತು.”

ಸೊಸೆಗೆ ಇದರಿಂದ ಏನೂ ಹೊಳೆಯಲಿಲ್ಲ. ಮುಖ ಕೊಟ್ಟು ಮಾತಾಡದ ಅತ್ತೆಯೇ ಇದನ್ನು ಮಾಡಿರಬೇಕೆಂದು ಅವಳ ಮನಸ್ಸು ಒಳಗೊಳಗೇ ತೀರ್ಮಾನಿಸಿಬಿಟ್ಟಿತ್ತು.

ಹೊತ್ತು ಮುಳುಗುವಾಗ ಚಿಕ್ಕಮ್ಮ ಅವಳನ್ನು ಹೊರಗೆ ಕರೆದಳು. “ದಿನಾ ಎಲ್ಲಿ ನಿಂತು ಕಾಯ್ತೀಯ? ಅಲ್ಲೇ ನಿಂತ್ಕೋ.”

ನಿಂತಳು. ಸ್ವಲ್ಪ ದೂರದಲ್ಲಿ, ಗೇಟಿನ ಬಳಿ, ಮಾವ ಎಂದಿನಂತೆ ಅಡ್ಡಾಡುತ್ತಿದ್ದರು. ಮೇಲೆ ಕಿಟಕಿಯಲ್ಲಿ ಹಳದಿ ದೀಪ ಹತ್ತಿತು. ಬೆಳಕು ಅವಳ ಪಾದದ ಮೇಲೆ ಬಿತ್ತು. ಮಾವ ನಡಿಗೆ ನಿಲ್ಲಿಸಿ ತಲೆಯೆತ್ತಿ ನೋಡುತ್ತಾ ನಿಂತರು.

“ಯಾರು ಹಾಕಿದ್ದು ಆ ಲೈಟು?” ಚಿಕ್ಕಮ್ಮ ಕೇಳಿದಳು.

“ಯಾರೂ ಇಲ್ಲ. ಅವರ ಮೇಜಿನ ಲೈಟು. ಸಂಜೆ ಆದ್ರೆ ತಾನಾಗಿ ಹತ್ತೋ ಹಾಗೆ ಅವರೇ ತಮ್ಮ ಹೆಸರಲ್ಲಿ ಮಾಡಿಟ್ಟಿದ್ರು. ಮೊದಲಿಂದ್ಲೂ—”

ಅವಳು ತಲೆಯೆತ್ತಿ ಆ ಕಿಟಕಿಯನ್ನೇ ನೋಡಿದಳು.

“ಗೊತ್ತಾಯ್ತಾ? ಬಾ ಒಳಗೆ,” ಎಂದಳು ಚಿಕ್ಕಮ್ಮ.

ನಡುಮನೆಯಲ್ಲಿ ಎಲ್ಲರೂ ಸೇರಿದರು. ಚಿಕ್ಕಮ್ಮ ಕೂರಲಿಲ್ಲ.

“ಬೀಗರೇ, ಹಳೇದೆಲ್ಲ ಅಳಿಸಿಹೋಯ್ತು ಅಂದ್ರಿ. ಎದುರಿಗೆ ನಿಂತು ಬೆರಳು ಕೊಡದೆ ಹೆಸರು ಸೇರಲ್ಲ ಅಂತಲೂ ಅಂದ್ರಿ. ಹಾಗಾದ್ರೆ ಮೇಲಿನ ದೀಪ ಯಾರ ಹೆಸರಲ್ಲಿ ಹತ್ತುತ್ತಿದೆ? ನಿಮ್ಮ ದೊಡ್ಡ ಮಗ ಬಂದು ಬೆರಳು ಕೊಟ್ಟು ಹೋದ್ನಾ?”

ಮೈದುನನ ಕೈಯಲ್ಲಿದ್ದ ಫೋನ್ ಕೆಳಗಿಳಿಯಿತು.

“ಏನೂ ಅಳಿಸಿಹೋಗಿರಲಿಲ್ಲ. ನೀವು ಮೂವರೂ ಮತ್ತೆ ಬೆರಳು ಒತ್ತೋ ಅಗತ್ಯವೇ ಇರಲಿಲ್ಲ. ಮೆಕ್ಯಾನಿಕ್ ಎಲ್ಲರನ್ನೂ ದಾಟಿಸಿದ್ದ. ಸತ್ತವನ ಹೆಸರನ್ನೂ. ಮೆಕ್ಯಾನಿಕ್ ಹೊರಟಮೇಲೆ ಯಾರೋ ಒಬ್ಬರು ಕೂತು ಹೆಸರು ತೆಗೆದ್ರು. ಬದುಕಿರೋಳದ್ದು ತೆಗೆದ್ರು, ಇಲ್ಲದೋನದ್ದು ಬಿಟ್ರು. ಯಾರು? ತಮ್ಮನಾ? ಅವನಿಗೆ ರೂಮು ಬೇಕು. ಕೈ ಹಾಕಿದ್ದಿದ್ರೆ ಮೊದಲು ಅಣ್ಣನ ಹೆಸರನ್ನೇ ತೆಗೀತಿದ್ದ. ಅಕ್ಕಾ ನೀವಾ? ಆ ದೀಪ ನೋಡಲಾರದೆ ಹಿತ್ತಲಿಗೆ ಓಡೋರು, ತೆಗೆಯೋಕೆ ಕೂತಿದ್ರೆ ಅದನ್ನ ಉಳಿಸ್ತಿದ್ರಾ? ಈ ಮನೇಲಿ ಆ ದೀಪಕ್ಕೋಸ್ಕರ ಗೇಟಿನ ಹತ್ರ ಕಾಯೋರು ಒಬ್ಬರೇ. ಮಷೀನ್ ಮುಟ್ಟಬೇಡಿ ಅಂತ ಎಲ್ಲರ ಕೈ ಕಟ್ಟಿಹಾಕಿದವರೂ ಅವರೇ. ಬೀಗರೇ, ನೀವು.”

ಸೊಸೆ ಮಾವನನ್ನೇ ನೋಡಿದಳು. ಅಲ್ಲ ಎಂದುಬಿಡಲಿ ಎಂದು ಒಂದು ಗಳಿಗೆ ಮನಸಾರೆ ಬೇಡಿಕೊಂಡಳು.

ಮಾವ ಅಲ್ಲ ಎನ್ನಲಿಲ್ಲ. “ಕೈ ಕೂಡ ನಡುಗಲಿಲ್ಲ ನಿಂದು,” ಎಂದರು. “ಇನ್ನೆರಡು ದಿನ ನೋಡೋಣ ಅನ್ನಬಹುದಿತ್ತು. ಅನ್ನಲಿಲ್ಲ. ಒಂದು ಸಹಿ ಹಾಕಿ ನನ್ನ ಮಗನ್ನ ಅಳಿಸಿದೆ ನೀನು. ಈ ಮಷೀನ್ ‘ತೆಗೆಯಬೇಕೇ?’ ಅಂತ ಕೇಳ್ತು. ನಾನೂ ಹೌದು ಅಂತ ಒತ್ತಿದೆ.”

“ನಿಮ್ಮನ್ನೂ ಕೇಳಿದ್ರು ಮಾವ. ನೀವು ಕಾರಿಡಾರಿಗೆ ಹೋದ್ರಿ.”

“ಅಪ್ಪ ಆದೋನು ಹೇಗೆ ಹಾಕ್ಲಿ ಅದನ್ನ?”

“ಹೆಂಡತಿ ಆದೋಳು ಹೇಗೆ ಹಾಕಿದ್ಲು ಅಂತ ಒಂದು ದಿನಾನಾದ್ರೂ ಕೇಳಿದ್ರಾ? ಮಗಳೇ ಮಗಳೇ ಅಂತಿದ್ರಲ್ಲ!”

ಅತ್ತೆ ಮುಂದೆ ಬಂದರು. “ನಾನು ಇವಳ ಮುಖ ನೋಡ್ದೆ ಇದ್ದಿದ್ದು ಕೋಪಕ್ಕಲ್ಲ. ಹೆತ್ತೋರು ಹೊರಬೇಕಾಗಿದ್ದನ್ನ ಇವಳ ತಲೆಗೆ ಕಟ್ಟಿದ್ವಲ್ಲ ಅನ್ನೋ ನಾಚಿಕೆಗೆ.”

ತಡವಾಗಿ ಬಂದ ಮಾತು. ಇಷ್ಟು ದಿನ ಅತ್ತೆಯನ್ನು ತಪ್ಪು ತಿಳಿದಿದ್ದೆನೆಂದು ಸೊಸೆಗೆ ಅರಿವಾಯಿತು. ಆದರೆ ಕಣ್ಣೀರು ಬರಲಿಲ್ಲ, ಕಹಿಯಷ್ಟೇ ಬಂತು.

“ಮೊದಲು ಕಂಪನಿಗೆ ಫೋನ್ ಮಾಡಿ ದೂರು ವಾಪಸ್ ತಗೊಳ್ಳಿ ಮಾವ. ಈಗ್ಲೇ. ನನ್ನ ಮುಂದೆ. ಆ ಮನುಷ್ಯನಾದ್ರೂ ಉಳೀಲಿ.”

ಮಾವ ಫೋನ್ ಮಾಡಿದರು. ತಪ್ಪು ಮನೆಯವರದೇ ಎಂದು ತೊದಲಿದರು. ಅಷ್ಟರಲ್ಲಿ ಮೈದುನ ಬಾಗಿಲ ಬಳಿಯ ಫಲಕವನ್ನು ತೆರೆದು ನಿಂತಿದ್ದ. “ಬನ್ನಿ ಅತ್ತಿಗೆ. ಬೆರಳು ಕೊಡಿ. ಒಂದು ನಿಮಿಷದ ಕೆಲಸ.”

ಅವಳು ಹತ್ತಿರ ಹೋದಳು. ಗಾಜಿನ ಮೇಲೆ ಖಾಲಿ ಹೆಬ್ಬೆರಳಿನ ಚಿತ್ರ ಮಿನುಗುತ್ತಿತ್ತು. ಕೈ ಎತ್ತಿದಳು, ಹಾಗೆಯೇ ಇಳಿಸಿದಳು.

“ಬೇಡ.”

ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಬರುವಾಗ ಅತ್ತೆ ಅವಳ ಕೈ ಹಿಡಿದರು. ಅವಳು ಬಿಡಿಸಿಕೊಳ್ಳಲಿಲ್ಲ, ಅತ್ತೆಯೇ ಬಿಟ್ಟರು. ಚಿಕ್ಕಮ್ಮ ಮಂಡಿ ಹಿಡಿದುಕೊಂಡು ಹಿಂದೆ ನಡೆದಳು.

ಬಾಗಿಲ ಹಿಡಿಕೆ ತಿರುಗಿಸಿದೊಡನೆ ತೆರೆದುಕೊಂಡಿತು. ಹೊರಗೆ ಹೋಗುವವರನ್ನು ಆ ಬಾಗಿಲು ಯಾರೆಂದು ಕೇಳುವುದಿಲ್ಲ.