ಮೂರನೇ ಕೋಣೆಯ ಗಾಳಿ

"ಗ್ಯಾಸ್ ಬಿಡಿ."

ಪಿಸ್ತೂಲಿನ ತುದಿ ನನ್ನ ಕುತ್ತಿಗೆಯ ಹಿಂದೆ, ಕೂದಲು ಮುಗಿದು ಚರ್ಮ ಶುರುವಾಗುವ ಜಾಗದಲ್ಲಿ ಕೂತಿತ್ತು. ಅದು ತಣ್ಣಗಿತ್ತು. ನಾನು ಬೆವರುತ್ತಿದ್ದೆ.

"ಯಾವ ಗ್ಯಾಸ್ ಸಾರ್?"

"ಗೊತ್ತಿಲ್ದೋರ ಥರ ಆಡ್ಬೇಡಿ. ಮೂರನೇ ಕೋಣೆಗೆ ನೈಟ್ರೋಜನ್. ಬೇಗ."

ಇಷ್ಟು ಮರ್ಯಾದೆಯಿಂದ ಮಾತಾಡುತ್ತಿದ್ದವನು ಆ ಸೇಬಿನ ಗೋದಾಮಿನ ಮ್ಯಾನೇಜರ್. ಇಸ್ತ್ರಿ ಮುರಿಯದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಪಿಸ್ತೂಲು ಹಿಡಿದವನು ಅವನ ಆಳು. ಕತ್ತಿನ ದಪ್ಪ ನೋಡಿ ನಾನು ಅವನಿಗೆ ಗೂಳಿ ಎಂದು ಹೆಸರಿಟ್ಟೆ. ಮನಸ್ಸಿನಲ್ಲೇ. ಬಾಯಿಬಿಟ್ಟು ಕರೆಯುವಷ್ಟು ಧೈರ್ಯ ನನಗಿರಲಿಲ್ಲ.

ಗೋಡೆಯ ಟಿವಿಯಲ್ಲಿ ಮೂರನೇ ಕೋಣೆ ಕಾಣುತ್ತಿತ್ತು. ಒಳಗೆ ಒಬ್ಬ ಮನುಷ್ಯ ಬಾಗಿಲು ಬಡಿಯುತ್ತಿದ್ದ. ಆ ಕ್ಯಾಮೆರಾಕ್ಕೆ ಸದ್ದಿಲ್ಲ. ಬರೀ ಮುಷ್ಟಿಗಳು ಮೇಲೆ ಕೆಳಗೆ ಆಡುತ್ತಿದ್ದವು.

ಅದು ನನ್ನ ಭಾವ. ಅಕ್ಕನ ಗಂಡ.

ಸೇಬು ತಿಂಗಳುಗಟ್ಟಲೆ ಕೆಡದಿರಬೇಕೆಂದರೆ ಕೋಣೆಯ ಆಕ್ಸಿಜನ್ ತೆಗೆದು ನೈಟ್ರೋಜನ್ ತುಂಬುತ್ತಾರೆ. ಸೇಬಿಗೆ ಅದು ಒಳ್ಳೆಯದು. ಮನುಷ್ಯನಿಗೆ ನಾಲ್ಕು ಉಸಿರು ಸಾಕು. ವಾಸನೆಯಿಲ್ಲ, ಕೆಮ್ಮಿಲ್ಲ. ನಿಂತವನು ನಿಂತ ಹಾಗೇ ಕುಸಿಯುತ್ತಾನೆ.

ಭಾವ ಅಲ್ಲಿನ ಮೆಕ್ಯಾನಿಕ್. ಬೆಳಿಗ್ಗೆ ಅದೇ ಕೋಣೆಯಲ್ಲಿ ಅವರ ಕೈಜಾರಿ ಒಂದು ಪೆಟ್ಟಿಗೆ ಬಿದ್ದಿತ್ತು. ಮೇಲೆ ಸೇಬು, ಕೆಳಗೆ ಪಿಸ್ತೂಲುಗಳು. ಪೊಲೀಸರಿಗೆ ಹೇಳುತ್ತೇನೆ ಎಂದು ಅವರು ಮ್ಯಾನೇಜರನ ಮುಂದೆಯೇ ಹೇಳಿದರು. ಭಾವ ಹಾಗೇ. ಬಾಯಿಗೆ ಬೀಗವಿಲ್ಲ.

"ನಿಮ್ಮ ಭಾವ ಅಂತ ಗೊತ್ತು. ನನಗೂ ಬೇಜಾರಿದೆ," ಎಂದ ಮ್ಯಾನೇಜರ್. "ರಜಾ ದಿನ ಒಬ್ಬ ಮೆಕ್ಯಾನಿಕ್ ಒಳಗಿದ್ದ, ಯಾರಿಗೂ ಗೊತ್ತಾಗ್ಲಿಲ್ಲ, ಗ್ಯಾಸ್ ತುಂಬ್ಕೊಳ್ತು. ಎಷ್ಟು ಕಡೆ ಆಗುತ್ತೆ, ಪಾಪ. ನೀವು ಒಲ್ಲೆ ಅಂದ್ರೆ ಇಬ್ರಿಗೂ ಗುಂಡು. ಸ್ವಲ್ಪ ಗಲೀಜಾಗುತ್ತೆ, ಅಷ್ಟೇ."

ಸಿಸ್ಟಂ ಹ್ಯಾಂಗ್ ಆಗಿದೆ, ಬನ್ನಿ ಎಂದು ಫೋನ್ ಮಾಡಿದ್ದ. ಬಂದೆ. ಸತ್ತ ಕಂಪ್ಯೂಟರ್‌ಗಳನ್ನು ಎಬ್ಬಿಸುವುದು ನನ್ನ ಕಸುಬು. ಕುರ್ಚಿಯಲ್ಲಿ ಕೂತ ಮೇಲೆಯೇ ಗೂಳಿ ಬಾಗಿಲ ಹಿಂದಿನಿಂದ ಬಂದದ್ದು.

ನಾನೇ ಯಾಕೆ ಬೇಕಿತ್ತು? ಕೇಳಿ.

ಗ್ಯಾಸ್ ನಡೆಸುವ ಪ್ರೋಗ್ರಾಂ ಅಜ್ಜನ ಕಾಲದ್ದು. ಬರೆದ ಕಂಪನಿ ಮುಚ್ಚಿಹೋಗಿದೆ. ಹಳೆಯ ಆಪರೇಟಿಂಗ್ ಸಿಸ್ಟಂ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಆ ಸಿಸ್ಟಂ ಹೊಸ ಕಂಪ್ಯೂಟರ್‌ನಲ್ಲಿ ಕೂರುವುದಿಲ್ಲ. ಹಾಗಾಗಿ ಹೊಸ ಕಂಪ್ಯೂಟರ್ ಒಳಗೆ ನಾನೊಂದು ವರ್ಚುವಲ್ ಮಷೀನ್ ಮಾಡಿದ್ದೆ. ಅಂದರೆ ಕಂಪ್ಯೂಟರ್ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್. ಒಳಗಿನದಕ್ಕೆ ತಾನು ಒಳಗಿದ್ದೇನೆಂದು ಗೊತ್ತೇ ಇಲ್ಲ. ತಾನೇ ಯಜಮಾನ ಎಂದುಕೊಂಡು ಕೆಲಸ ಮಾಡುತ್ತದೆ. ನೋಡುವವರಿಗೂ ಸ್ಕ್ರೀನ್ ತುಂಬ ಅದೇ.

ಆ ಗ್ಯಾಸ್ ಪ್ರೋಗ್ರಾಂನಲ್ಲೊಂದು ಸೇಫ್ಟಿ ಲಾಕ್. ಬಾಗಿಲು ಸೀಲ್ ಆದ ಮೇಲೆ ಒಳಗೆ ಮನುಷ್ಯರಿದ್ದರೆ ಗ್ಯಾಸ್ ಬಿಡುವುದಿಲ್ಲ. ಲಾಕ್ ತೆಗೆಯದೆ ಬಾಗಿಲು ತೆರೆದರೆ ಸೈರನ್ ಕೂಗಿ ಫೈರ್ ಸ್ಟೇಷನ್‌ಗೆ ತಾನೇ ಫೋನ್ ಮಾಡುತ್ತದೆ. ಲಾಕಿನ ಪಾಸ್‌ವರ್ಡ್ ಇದ್ದದ್ದು ನನ್ನ ತಲೆಯಲ್ಲಿ ಮಾತ್ರ.

ಇನ್ನೊಂದು ವಿಷಯ ಮ್ಯಾನೇಜರನಿಗೆ ಗೊತ್ತಿರಲಿಲ್ಲ. ಕೆಲಸದವರ ಟ್ರೈನಿಂಗ್‌ಗಾಗಿ ನಾನು ಆ ಮಷೀನಿನ ನಕಲು ಮಾಡಿದ್ದೆ. ಅದೇ ಬಣ್ಣ, ಅದೇ ಬಟನ್, ಅದೇ ಪಾಸ್‌ವರ್ಡ್. ಆದರೆ ಅದಕ್ಕೆ ಪೈಪಿನ ಸಂಪರ್ಕವಿಲ್ಲ. ಅಂಕಿಗಳೆಲ್ಲ ಸುಳ್ಳು. ಅವತ್ತು ಮ್ಯಾನೇಜರ್ ಟ್ರೈನಿಂಗ್‌ಗೆ ಬರಲಿಲ್ಲ. ದೊಡ್ಡವರು, ಬರುವುದಿಲ್ಲ.

"ಸಿಸ್ಟಂ ನಿಜವಾಗ್ಲೂ ಹ್ಯಾಂಗ್ ಆಗಿದೆ ಸಾರ್. ಒಂದು ಸಲ ರೀಸ್ಟಾರ್ಟ್ ಮಾಡ್ಬೇಕು."

"ಮಾಡಿ. ಆಟ ಆಡಿದ್ರೆ ಗೊತ್ತಲ್ಲ."

ಬಲಗಡೆಯ ಕಂಟ್ರೋಲ್ ಕೀ ಒತ್ತಿದೆ. ಒಳಗಿನ ಮಷೀನ್ ಚಿಕ್ಕದಾಗಿ ಪಕ್ಕಕ್ಕೆ ಸರಿಯಿತು. ಹೊರಗಿನ ಕಂಪ್ಯೂಟರ್ ಕಂಡಿತು. ನಕಲನ್ನು ಎಬ್ಬಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸ್ಕ್ರೀನ್ ತುಂಬಿಕೊಂಡಿತು.

ಆಗ ನೋಡಿದೆ.

ಕೆಳಗೆ ಬಲಮೂಲೆಯ ಗಡಿಯಾರ! ನಕಲನ್ನು ಟ್ರೈನಿಂಗ್ ದಿನ ಸಂಜೆ ಮಲಗಿಸಿದ್ದೆ. ಎದ್ದಾಗ ಅದಕ್ಕೆ ಇನ್ನೂ ಅದೇ ಸಂಜೆ. ಹೊರಗೆ ನೋಡಿದರೆ ಬೆಳಗಿನ ಬಿಸಿಲು ಕಿಟಕಿಯಲ್ಲಿದೆ.

ಮೇಜಿನ ಮೇಲೆ ಸ್ಯಾಂಪಲ್ ಸೇಬುಗಳಿದ್ದವು. ಕೈಗೆ ಅಡ್ಡ ಬಂತು ಎಂಬಂತೆ ಒಂದನ್ನು ಸರಿಸಿ ಆ ಮೂಲೆಯ ಮುಂದಿಟ್ಟೆ. ದೊಡ್ಡ ಸೇಬು. ಗಡಿಯಾರ ಮುಚ್ಚಿತು.

ಇನ್ನು ಭಾವ. ಸ್ಕ್ರೀನಿನಲ್ಲಿ ಆಕ್ಸಿಜನ್ ಇಳಿಯುವಾಗ ಅವರು ಟಿವಿಯಲ್ಲಿ ಬಾಗಿಲು ಬಡಿಯುತ್ತಿದ್ದರೆ ಇಬ್ಬರ ಕತೆಯೂ ಮುಗಿಯಿತು.

"ಒಂದೇ ಮಾತು ಆಡ್ತೀನಿ ಸಾರ್. ಮೈಕ್‌ನಲ್ಲಿ. ಅಕ್ಕನ ಮುಖ ನೋಡ್ಬೇಕಲ್ಲ ನಾನು."

ಮ್ಯಾನೇಜರ್ ತಲೆಯಾಡಿಸಿದ. ಮರ್ಯಾದಸ್ಥ.

"ಭಾವ... ನಾನು. ಗ್ಯಾಸ್ ಬಿಡ್ತಿದ್ದೀನಿ. ನನ್ನ ಕೈಲಿ ಏನೂ ಇಲ್ಲ. ಟ್ರೈನಿಂಗ್ ದಿನ ನೀವು ಮಾಡಿದ್ದು ನೆನಪಿದ್ಯಲ್ಲ? ಅಕ್ಕ ಬೈದ್ಲಲ್ಲ... ಅದನ್ನೇ ನೆನೆಸ್ಕೊಳ್ಳಿ."

ಅವತ್ತು ನಕಲಿನಲ್ಲಿ ಆಕ್ಸಿಜನ್ ಸೊನ್ನೆಯ ಹತ್ತಿರ ಹೋದಾಗ ಭಾವ ಎದೆ ಹಿಡಿದುಕೊಂಡು, ಗೋಡೆಗೆ ಒರಗಿ, ಮೂರು ಸಲ ಎದ್ದು ನಾಲ್ಕನೇ ಸಲ ಸತ್ತಿದ್ದರು. ಕೆಲಸದವರೆಲ್ಲ ಬಿದ್ದು ಬಿದ್ದು ನಕ್ಕರು. ಪ್ಯಾಕಿಂಗ್ ಸೆಕ್ಷನ್‌ನಿಂದ ಓಡಿಬಂದ ಅಕ್ಕ ಎಲ್ಲರ ಮುಂದೆ ಅವರ ಚಳಿ ಬಿಡಿಸಿದ್ದಳು.

ಟಿವಿಯಲ್ಲಿ ಭಾವ ಕ್ಯಾಮೆರಾ ಕಡೆ ತಿರುಗಿದರು. ಸುಮ್ಮನೆ ನೋಡಿದರು. ಅರ್ಥವಾಯಿತೋ ಇಲ್ಲವೋ, ದೇವರಿಗೇ ಗೊತ್ತು.

"ಸಾಕು ಮಾತು," ಎಂದು ಗೂಳಿ ಪಿಸ್ತೂಲನ್ನು ಒತ್ತಿದ.

ನನ್ನ ಕೈ ಜಾರಿತು. ಬೆರಳು ಅದೇ ಕಂಟ್ರೋಲ್ ಕೀ ಮೇಲೆ ಬಿತ್ತು. ನಕಲು ಚಿಕ್ಕದಾಯಿತು. ಸ್ಕ್ರೀನಿನಲ್ಲಿ ಈಗ ಅಕ್ಕಪಕ್ಕ ಎರಡು ಕಿಟಕಿಗಳು. ಅಸಲು ಒಂದು, ನಕಲು ಒಂದು.

"ಏನದು ಎರಡೆರಡು?" ಎಂದ ಮ್ಯಾನೇಜರ್, ಮುಂದೆ ಬಗ್ಗುತ್ತ.

"ಏನಿಲ್ಲ ಸಾರ್, ಹಳೇ ಸಿಸ್ಟಂ..."

ಒಂದನ್ನು ಕ್ಲಿಕ್ ಮಾಡಿ ಸ್ಕ್ರೀನ್ ತುಂಬಿಸಿಬಿಟ್ಟೆ. ಯಾವುದನ್ನು? ಎಡಗಡೆಯದನ್ನೋ ಬಲಗಡೆಯದನ್ನೋ ನನಗೇ ನೆನಪಿಲ್ಲ. ಎರಡಕ್ಕೂ ಇದ್ದ ವ್ಯತ್ಯಾಸ ಗಡಿಯಾರ ಒಂದೇ. ಅದರ ಮುಂದೆ ನಾನೇ ಇಟ್ಟ ಸೇಬು ಕೂತಿತ್ತು.

"ಪಾಸ್‌ವರ್ಡ್," ಎಂದ ಮ್ಯಾನೇಜರ್.

ನಕಲು ಎಂದೇ ನನಗೆ ನಾನೇ ಹೇಳಿಕೊಂಡೆ. ಒತ್ತಿದೆ. ಲಾಕ್ ಬಿಚ್ಚಿಕೊಂಡಿತು. ವಾಲ್ವ್ ತೆರೆ ಎಂಬ ಹಸಿರು ಬಟನ್. ಅದನ್ನೂ ಒತ್ತಿದೆ.

ಅಂಕಿಗಳು ಇಳಿಯತೊಡಗಿದವು. ಅಸಲಿನಲ್ಲಿ ಯಾವ ವೇಗದಲ್ಲಿ ಇಳಿಯುತ್ತವೋ ನಕಲಿನಲ್ಲೂ ಅದೇ ವೇಗ ಇರಲಿ ಎಂದು ಕಷ್ಟಪಟ್ಟು ಹೊಂದಿಸಿದವನು ನಾನೇ. ಹಾಳಾದ ಅಚ್ಚುಕಟ್ಟುತನ.

ಟಿವಿ ನೋಡಿದೆ. ಎದೆ ಹಿಡಿದುಕೊಳ್ಳಿ ಭಾವ... ಗೋಡೆಗೆ ಒರಗಿ... ಅವತ್ತಿನ ಹಾಗೆ ಮಾಡಿ.

ಭಾವ ಬಾಗಿಲು ಬಿಟ್ಟು ಈಚೆ ಬಂದರು. ಏನೋ ಮರೆತವರಂತೆ ನಿಂತರು. ಮೊಣಕಾಲು ಮಡಿಯಿತು. ಪಕ್ಕಕ್ಕೆ ಉರುಳಿದರು. ಮತ್ತೆ ಅಲುಗಾಡಲಿಲ್ಲ.

ಒದ್ದಾಟವಿಲ್ಲ, ನಾಟಕವಿಲ್ಲ. ನೈಟ್ರೋಜನ್ ಕೊಲ್ಲುವುದು ಹೀಗೇ.

ಗೂಳಿ ಕೈ ಚಾಚಿ ಮಾನಿಟರ್ ಮುಂದಿನ ಸೇಬು ಎತ್ತಿಕೊಂಡ. ಕರಕ್ಕೆಂದು ಕಚ್ಚಿದ.

ಗಡಿಯಾರ ಕಂಡಿತು. ಸರಿಯಾದ ಟೈಮ್ ತೋರಿಸುತ್ತಿತ್ತು. ಮ್ಯಾನೇಜರನ ಕೈಗಡಿಯಾರದಲ್ಲಿದ್ದದ್ದೂ ಅದೇ ಟೈಮ್.

ಎದ್ದ ಸ್ವಲ್ಪ ಹೊತ್ತಿಗೆ ಒಳಗಿನ ಮಷೀನ್ ಹೊರಗಿನದನ್ನು ನೋಡಿ ಟೈಮ್ ಸರಿಮಾಡಿಕೊಳ್ಳುತ್ತದೆ, ನಿಜ. ಅದಕ್ಕೊಂದು ಸೆಟ್ಟಿಂಗ್ ಹಾಕಿರಬೇಕು. ಹಾಕಿದ್ದೆನಾ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಹಾಕಿದ್ದರೆ ಇದು ನಕಲೂ ಇರಬಹುದು. ಹಾಕಿಲ್ಲದಿದ್ದರೆ ಇದು ಅಸಲು, ಭಾವನನ್ನು ಕೊಂದವನು ನಾನು.

ಅಕ್ಕನಿಗೆ ಏನು ಹೇಳಲಿ? ನಿನ್ನ ಗಂಡನ ಹೆಣದ ಮೇಲೆ ನನ್ನ ಬೆರಳಚ್ಚಿದೆ ಎನ್ನಲಾ? ಅಳು ಬಂತು. ತಡೆಯಲಿಲ್ಲ.

"ಸಮಾಧಾನ ಮಾಡ್ಕೊಳ್ಳಿ," ಎಂದ ಮ್ಯಾನೇಜರ್. "ಬನ್ನಿ. ಭಾವನನ್ನ ಉಳಿಸೋಕೆ ಹೋಗಿ ಭಾಮೈದನೂ ಹೋದ ಅಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ."

ಉದ್ದನೆಯ ಓಣಿಯಲ್ಲಿ ಮೆಷಿನ್‌ಗಳ ಗುಂಯ್ ಶಬ್ದ ಬಿಟ್ಟರೆ ನರಪಿಳ್ಳೆಯಿಲ್ಲ. ಓಡಲು ನೋಡಿದೆ. ನಾಲ್ಕು ಹೆಜ್ಜೆಗೆ ಗೂಳಿ ಕಾಲರ್ ಹಿಡಿದು ಗೋಡೆಗೆ ಬಡಿದ. ಬಾಯಲ್ಲಿ ಉಪ್ಪುಪ್ಪು ರಕ್ತ.

ಮೂರನೇ ಕೋಣೆ. ದಪ್ಪ ಬಾಗಿಲು, ಅದರಲ್ಲೊಂದು ಗಾಜಿನ ಕಿಂಡಿ. ಇಬ್ಬರೂ ಮೂಗಿಗೆ ಕರವಸ್ತ್ರ ಒತ್ತಿಕೊಂಡರು.

"ತಳ್ಳಿ ತಕ್ಷಣ ಮುಚ್ಚು," ಎಂದ ಮ್ಯಾನೇಜರ್.

ನನ್ನ ಜೀವವೆಲ್ಲ ಕಿವಿಯಲ್ಲಿತ್ತು. ಅಸಲಿನಲ್ಲಿ ಲಾಕ್ ಇನ್ನೂ ಹಾಗೇ ಇದ್ದರೆ ಬಾಗಿಲು ತೆರೆದಾಗ ಸೈರನ್ ಕೂಗಬೇಕು. ಸೈರನ್ ಕೂಗಿದರೆ ಭಾವ ಬದುಕಿದ್ದಾರೆ.

ಹಿಡಿಕೆ ತಿರುಗಿತು. ಬಾಗಿಲು ತೆರೆಯಿತು.

ಸದ್ದಿಲ್ಲ.

ಬೆನ್ನಿಗೆ ಒದೆ ಬಿತ್ತು. ಒಳಗೆ ಮುಗ್ಗರಿಸಿದೆ. ಹಿಂದೆ ಬಾಗಿಲು ಧಡ್ ಎಂದು ಮುಚ್ಚಿತು.

ಉಸಿರು ಕಟ್ಟಿದ್ದೆ. ಅಂಬೆಗಾಲಲ್ಲಿ ಭಾವನ ಹತ್ತಿರ ಹೋದೆ. ಮುಖ ಆಚೆ ತಿರುಗಿತ್ತು. ಕೈ ಮುಟ್ಟಿದೆ, ಮಂಜಿನಂತೆ ತಣ್ಣಗಿತ್ತು. ಎದೆ ಬಿರಿಯುತ್ತಿತ್ತು. ಕಣ್ಣು ಕತ್ತಲೆ ಬಂತು. ಇಲ್ಲಿಗೆ ಮುಗಿಯಿತು ಎಂದುಕೊಂಡು ಭಾವನ ಪಕ್ಕದಲ್ಲೇ ಬಿದ್ದುಕೊಂಡೆ.

ಆಗ ಸೈರನ್ ಕೂಗಿತು.

ಹಳೆಯ ಪ್ರೋಗ್ರಾಂ ನೋಡಿ. ಒಂದಿಷ್ಟು ಹೊತ್ತು ಯೋಚಿಸದೆ ಏನನ್ನೂ ಮಾಡುವುದಿಲ್ಲ. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಗಾಳಿ ಒಳಗೆ ಬಂತು. ಸೇಬಿನ ವಾಸನೆಯ ಒಳ್ಳೆಯ ಗಾಳಿ.

"ಕದಲಬೇಡ ಕಣೋ," ಎಂದಿತು ಹೆಣ, ತುಟಿ ಅಲುಗಿಸದೆ. "ಕಿಂಡೀಲಿ ನೋಡ್ತಿದಾನೆ."

"ಭಾವ... ಕೈ ಯಾಕೆ ಇಷ್ಟು ತಣ್ಣಗಿದೆ?"

"ಕೋಲ್ಡ್ ಸ್ಟೋರೇಜ್ ಅಲ್ವಾ ಇದು. ಬಿಸಿ ಇರುತ್ತಾ?"

"ನಿಜವಾಗ್ಲೂ ಸತ್ತೋದ್ರಿ ಅಂದ್ಕೊಂಡೆ."

"ಟ್ರೈನಿಂಗಲ್ಲಿ ಓವರ್ ಮಾಡ್ದೆ ಅಂತ ನಿಮ್ಮಕ್ಕ ಉಗಿದಿದ್ಲಲ್ಲ. ಅದಕ್ಕೇ ಈ ಸಲ ಸಿಂಪಲ್ಲಾಗಿ ಸತ್ತೆ."

ಸೈರನ್‌ನ ನಡುವೆಯೇ ಓಣಿಯಲ್ಲಿ ಮ್ಯಾನೇಜರ್ ಕೂಗಿ ಹೇಳುವುದು ಬಾಗಿಲಾಚೆಯಿಂದ ಕೇಳಿಸಿತು. "ಗ್ಯಾಸ್ ತುಂಬಿದ್ದಕ್ಕೆ ಕೂಗ್ತಿದೆ. ಕೂಗ್ಲಿ. ನಾವೇ ಫೈರ್‌ನವರನ್ನ ಕರೀಬೇಕಿತ್ತು. ಪಿಸ್ತೂಲ್ ಒಳಗಿಡು. ಅಳೋಕೆ ಬರುತ್ತಾ ನಿನಗೆ?"

ಫೈರ್ ಇಂಜಿನ್ ಬಂತು. ಹಿಂದೆಯೇ ಪೊಲೀಸ್ ಜೀಪು. ನಾವು ಸತ್ತವರಂತೆ ಬಿದ್ದುಕೊಂಡು ಕೇಳಿಸಿಕೊಂಡೆವು. ಮ್ಯಾನೇಜರ್ ಗೋಳೋ ಎಂದು ಅಳುತ್ತಿದ್ದ. ಎಂಥ ಮೆಕ್ಯಾನಿಕ್ ಸಾರ್, ಚಿನ್ನದಂಥ ಮನುಷ್ಯ. ಭಾವನನ್ನ ಉಳಿಸ್ತೀನಿ ಅಂತ ಆ ಹುಡುಗ ನುಗ್ಗಿಬಿಟ್ಟ, ನಾನು ಕಾಲು ಹಿಡ್ಕೊಂಡೆ, ಕೇಳ್ಲಿಲ್ಲ.

"ನನ್ನ ಬಗ್ಗೆ ಇಷ್ಟು ಒಳ್ಳೇದು ಯಾವತ್ತೂ ಮಾತಾಡಿಲ್ಲ ಈ ಮನುಷ್ಯ," ಎಂದರು ಭಾವ.

ಮಾಸ್ಕ್ ಹಾಕಿಕೊಂಡ ಫೈರ್‌ನವರು ಬಾಗಿಲು ತೆರೆದರು. ಭಾವ ಎದ್ದು ಕೂತು ಪ್ಯಾಂಟಿನ ಧೂಳು ಕೊಡವಿಕೊಂಡರು. ಜೀಪಿನಲ್ಲಿ ಬಂದಿದ್ದ ಇನ್‌ಸ್ಪೆಕ್ಟರ್‌ಗೆ ನಮಸ್ಕಾರ ಮಾಡಿ, ಪಿಸ್ತೂಲು ಬಚ್ಚಿಟ್ಟ ಕೆಳಗಿನ ಸಾಲಿನ ಪೆಟ್ಟಿಗೆಗಳನ್ನು ಕಣ್ಣಲ್ಲೇ ತೋರಿಸಿದರು.

ಮ್ಯಾನೇಜರ್ ನಮ್ಮನ್ನು ನೋಡಿದ. ಅಳು ನಿಲ್ಲಿಸಲಿಲ್ಲ. ಅಲ್ಲಿಂದ ಮುಂದೆ ಅತ್ತದ್ದು ಮಾತ್ರ ಅಸಲು.