ಮಾಸದ ನಗು

"ಏನು ಬೇಕಾದ್ರೂ ಮಾಡ್ಕೋ, ಹಳೇ ರಾಣಿ ಹತ್ರ ಮಾತ್ರ ಏನನ್ನೂ ಕೇಳಬೇಡ," ಎಂದಳು ರೇಡಿಯೋ.

ದೇಶದ ಸುಂದರಿ ಯಾರೆಂದು ತೀರ್ಮಾನವಾಗುವ ದಿನದ ಬೆಳಿಗ್ಗೆ ಅದು. ಹೋಟೆಲಿನ ಕೋಣೆಯ ತುಂಬ ಉಗುರುಬಣ್ಣದ ಘಾಟು. ರೇಡಿಯೋ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಾಲುಬೆರಳಿನ ಮೇಲೆ ಉಫ್ ಉಫ್ ಎಂದು ಊದಿಕೊಳ್ಳುತ್ತಿದ್ದಳು. ಊರಿನ ಸುದ್ದಿಯೆಲ್ಲ ಅವಳ ಬಾಯಲ್ಲೇ ಇರುತ್ತಿದ್ದುದರಿಂದ ಸ್ಪರ್ಧೆಯ ಹುಡುಗಿಯರು ಅವಳಿಗೆ ಆ ಹೆಸರಿಟ್ಟಿದ್ದರು. ಅವಳ ಜೊತೆಗೆ ಕೋಣೆ ಹಂಚಿಕೊಂಡವಳು ಡಾಕ್ಟ್ರಮ್ಮ. ಹಲ್ಲಿನ ಡಾಕ್ಟರಿಕೆಯ ಕೊನೆಯ ವರ್ಷದಲ್ಲಿದ್ದಳು. ಇಂಥ ಸ್ಪರ್ಧೆಗೆ ಇದೇ ಮೊದಲ ಸಲ ಕಾಲಿಟ್ಟವಳು, ಆದರೂ ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ.

"ಏನನ್ನೂ ಅಂದ್ರೆ? ಟೈಮ್ ಎಷ್ಟಾಯ್ತು ಅಂತಾನೂ ಕೇಳಬಾರದಾ?"

"ತಮಾಷೆ ಅಲ್ಲ ಕಣೆ. ಅವಳ ಮುಖ ನೋಡಿದ್ದೀಯಲ್ಲ? ಹೋದ ವರ್ಷ ಕಿರೀಟ ಇಟ್ಕೊಂಡಾಗಿಂದ ಆ ನಗು ಇಳಿದೇ ಇಲ್ಲ. ಅವರಮ್ಮ ತೀರ್ಕೊಂಡಾಗ ಹೆಣದ ಪಕ್ಕ ನಿಂತು ಹಲ್ಲು ಕಿರೀತಿದ್ಲು. ಪೇಪರಲ್ಲಿ ಫೋಟೋ ಬಂದಿತ್ತು."

ಬಂದಿತ್ತು. ಇಡೀ ದೇಶ ಆ ಫೋಟೋ ನೋಡಿ ಛೀ ಥೂ ಎಂದಿತ್ತು. ಹೆತ್ತವಳ ಹೆಣದ ಮುಂದೆ ನಗುವ ರಾಣಿಯನ್ನು ಆಮೇಲೆ ಯಾವ ಸಮಾರಂಭಕ್ಕೂ ಯಾರೂ ಕರೆಯಲಿಲ್ಲ. ಹೊಸಬಳ ತಲೆಗೆ ಕಿರೀಟ ಇಡಬೇಕಾದದ್ದು ಹಳಬಳ ಕೆಲಸವಾದ್ದರಿಂದ ಇವತ್ತು ಒಂದು ದಿನಕ್ಕೆ ಕರೆಸಿದ್ದರು, ಅಷ್ಟೆ.

ರೇಡಿಯೋ ದನಿ ತಗ್ಗಿಸಿದಳು. "ಯಾವಾಗಲೋ ಇದೇ ಸ್ಪರ್ಧೆಗೆ ಬಂದ ಒಬ್ಬಳ ತಾಯಿ ಮಾಟ ಮಾಡಿಸಿದ್ದಂತೆ. 'ನನ್ನ ಮಗಳ ನಗು ಮಾಸಬಾರದು' ಅಂತ ಮಾಟಗಾರನ ಕಾಲು ಹಿಡಿದ್ಲಂತೆ. ಅವನು ಏನು ಬೂದಿನೋ, ಯಾವುದರ ಕೊಬ್ಬೋ ಅರೆದು ಒಂದು ಡಬ್ಬಿ ಮುಲಾಮು ಮಾಡಿಕೊಟ್ಟ. ಮಗಳು ಗೆದ್ದಳು. ನಗು ಮಾಸಲೇ ಇಲ್ಲ. ಆವತ್ತಿಂದ ಆ ಡಬ್ಬಿ ಕೈಯಿಂದ ಕೈಗೆ ಬರ್ತಿದೆ. ಅವರಾಗೇ ಕೊಟ್ರೆ ಅಂಟಲ್ಲ. ನಾವಾಗಿ ಕೇಳಿ ಇಸ್ಕೊಂಡ್ರೆ ಅವರನ್ನ ಬಿಟ್ಟು ನಮಗೆ ಹತ್ಕೊಳತ್ತೆ."

"ಅದು ಮಾಟ ಅಲ್ಲ ಕಣೆ, ಸೂಜಿ. ಕೆನ್ನೆಗೆ ಚುಚ್ಚಿಸ್ಕೊಂಡಿರ್ತಾಳೆ, ನರ ಹೋಗಿರತ್ತೆ. ನಮ್ಮ ಕಾಲೇಜಿಗೆ ಕಳಿಸು, ಸರಿ ಮಾಡಿ ವಾಪಸ್ ಕಳಿಸ್ತೀನಿ," ಎಂದು ಡಾಕ್ಟ್ರಮ್ಮ ಬಿದ್ದು ಬಿದ್ದು ನಕ್ಕಳು.

ಅವಳಿಗೆ ಅವತ್ತು ಹೆದರಿಕೆಗೆ ಪುರಸೊತ್ತಿರಲಿಲ್ಲ. ಮನಸ್ಸೆಲ್ಲ ಮನೆಯಲ್ಲಿತ್ತು, ಅಪ್ಪನ ಹತ್ತಿರ.

ಅಪ್ಪ ಟೈಲರ್. ಕತ್ತರಿಗಿಂತ ನಾಲಗೆ ಚುರುಕು ಎಂದು ಹೆಸರಾದವರು. ಒಂದು ಮಧ್ಯಾಹ್ನ ಮಷೀನಿನ ಮೇಲೇ ಕುಸಿದರು. ಬಲಗೈ ಹೋಯಿತು, ಮಾತು ಹೋಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಬೇರೆಯವರ ಮಾತೂ ಅರ್ಥವಾಗದಂತಾಯಿತು. ಅಮ್ಮ ಕಿವುಡರ ಹತ್ತಿರ ಮಾತಾಡುವಂತೆ ಕಿರುಚುತ್ತಿದ್ದಳು. ಅವರಿಗೆ ಅದು ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಿನಷ್ಟೇ. ಉಳಿದದ್ದು ಒಂದೇ: ಮುಖ. ಮುಖ ನೋಡಿದರೆ ಅವರಿಗೆ ಎಲ್ಲ ತಿಳಿಯುತ್ತಿತ್ತು. ಮಗಳು ಹುಬ್ಬು ಹಾರಿಸಿದರೆ ಊಟ, ಕೆನ್ನೆ ಉಬ್ಬಿಸಿದರೆ ಸ್ನಾನ. ಬೆಳಿಗ್ಗೆ ವ್ಯಾಯಾಮ ಮಾಡಿಸುವವನು ಬಂದು ಆ ಸೆಟೆದ ಕೈ ಎತ್ತುವಾಗ ಅಪ್ಪ ಮಗಳ ಮುಖವನ್ನೇ ನೋಡುತ್ತಿದ್ದರು. ಅವಳು ಅವರಿಗಿಂತ ಹೆಚ್ಚು ನೋವಾದವಳಂತೆ ತುಟಿ ಕಚ್ಚಿ, ಕಣ್ಣು ಮುಚ್ಚಿ ಮುಖ ಕಿವುಚುತ್ತಿದ್ದಳು. ನನ್ನ ನೋವು ಇವಳಿಗೆ ಗೊತ್ತು ಎಂದು ಸಮಾಧಾನವಾಗಿ ಅಪ್ಪ ಕೈ ಸಡಿಲ ಬಿಡುತ್ತಿದ್ದರು.

ಟೀವಿಯಲ್ಲಿ ಅವರು ಇಷ್ಟಪಟ್ಟು ನೋಡುತ್ತಿದ್ದದ್ದೂ ಈ ಸ್ಪರ್ಧೆಯೊಂದನ್ನೇ. ಇಲ್ಲಿ ಮಾತಿಗೆ ಬೆಲೆಯಿಲ್ಲ, ಬರೀ ಮುಖಗಳು. ಗೆದ್ದ ಹುಡುಗಿ ಬಾಯಿ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುವಾಗ ಅಪ್ಪ ಎಡಗೈಯಿಂದ ತೊಡೆ ತಟ್ಟಿ ತಾವೂ ಅಳುತ್ತಿದ್ದರು. ಮಗಳು ಅರ್ಜಿ ಹಾಕಿದ್ದೇ ಅದಕ್ಕೆ. ಆ ಪರದೆಯ ಮೇಲೆ ನಿಂತು ಅಪ್ಪನಿಗೋಸ್ಕರ ಒಂದು ಸಲ ಹಾಗೆ ಅಳಬೇಕು. ಸುಂದರಿ ಪಟ್ಟವೇನೂ ಅವಳಿಗೆ ಬೇಕಿರಲಿಲ್ಲ ಎಂದರೆ ಸುಳ್ಳಾದೀತು, ಆದರೆ ಅಪ್ಪ ಮೊದಲು.

ಸಂಜೆ ವೇದಿಕೆಯ ಹಿಂದಿನ ಉದ್ದನೆಯ ಓಣಿಯಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಗುಂಗುರು ಮಾಡುವ ಬಿಸಿ ಕಡ್ಡಿಗೆ ಸುಟ್ಟ ಕೂದಲಿನ ವಾಸನೆ, ಸ್ಪ್ರೇಯ ಸಿಹಿ ಘಾಟು, ಬೆವರು. ಪರದೆಯ ಆಚೆ ಜನರ ಗದ್ದಲ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಹುಡುಗಿಯರು ಹಲ್ಲಿಗೆ ಮುಲಾಮು ಸವರಿಕೊಳ್ಳುತ್ತಿದ್ದರು. ಗಂಟೆಗಟ್ಟಲೆ ನಗಬೇಕಾದವರ ಗುಟ್ಟು ಅದು. ದೀಪಗಳ ಶಾಖಕ್ಕೆ ಬಾಯಿ ಒಣಗಿ ತುಟಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ, ನಗು ಸೊಟ್ಟಗಾಗುತ್ತದೆ. ಮುಂದಿನ ಹಲ್ಲುಗಳಿಗೆ ತೆಳ್ಳಗೆ ಜಿಡ್ಡು ಸವರಿದರೆ ತುಟಿ ಸಲೀಸಾಗಿ ಜಾರುತ್ತದೆ. ಒಬ್ಬಳ ಡಬ್ಬಿಯಲ್ಲಿ ಇನ್ನೊಬ್ಬಳು ಬೆರಳದ್ದುವುದು ಅಲ್ಲಿ ಮಾಮೂಲು.

ಓಣಿಯ ಕೊನೆಯಲ್ಲಿ ಹಳೇ ರಾಣಿ ಕೂತಿದ್ದಳು. ತೊಡೆಯ ಮೇಲೆ ಕಿರೀಟದ ಪೆಟ್ಟಿಗೆ. ಸುತ್ತ ಯಾರೂ ಇಲ್ಲ. ಮುಖದ ತುಂಬ ನಗು. ಆ ನಗುವಿನ ಮೇಲೆ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಅವಳು ಅದನ್ನು ಕಾಗದದ ಚೂರಿನಿಂದ ಒತ್ತಿಕೊಳ್ಳುತ್ತಿದ್ದಳು. ಕಣ್ಣಿಗೂ ಬಾಯಿಗೂ ಸಂಬಂಧವೇ ಇಲ್ಲವೇನೋ ಎನ್ನುವಂತಿತ್ತು ಆ ಮುಖ.

ಡಾಕ್ಟ್ರಮ್ಮ ರೇಡಿಯೋಗೆ ಕಣ್ಣು ಹೊಡೆದಳು. "ನೋಡ್ತಿರು."

"ಬೇಡ ಕಣೆ. ನಿನ್ನ ದಮ್ಮಯ್ಯ."

ಅಷ್ಟರಲ್ಲಿ ಅವಳು ಹೊರಟೇಬಿಟ್ಟಿದ್ದಳು.

"ಅಕ್ಕಾ, ನನ್ನ ಡಬ್ಬಿ ಖಾಲಿ. ನಿಮ್ಮದು ಸ್ವಲ್ಪ ಕೊಡ್ತೀರಾ?"

ಕೂದಲು ಒಣಗಿಸುವ ಯಂತ್ರವನ್ನು ಯಾರೋ ಆರಿಸಿದರು. ಹಳೇ ರಾಣಿ ತಲೆಯೆತ್ತಿದಳು. ಬೇಡ ಎನ್ನುವಂತೆ ತಲೆಯಾಡಿಸಿದಳು.

"ನಿನ್ನ ಡಬ್ಬಿ ನಿನ್ನ ಕೈಯಲ್ಲೇ ಇದೆ," ಎಂದಳು. ನಗುವ ಬಾಯಿಂದ ಹೊರಟ ದನಿ ಅಳುವವಳದಾಗಿತ್ತು. "ಸುಮ್ಮನೆ ಹೋಗಿಬಿಡು."

ಅಲ್ಲಿಗೇ ತಿರುಗಿ ಬಂದಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಹಿಂದೆ ಅಷ್ಟೂ ಹುಡುಗಿಯರು ನೋಡುತ್ತಿದ್ದರು. ಹೆದರಿ ವಾಪಸ್ ಬಂದಳು ಅನ್ನಿಸಿಕೊಳ್ಳಲು ಡಾಕ್ಟ್ರಮ್ಮ ತಯಾರಿರಲಿಲ್ಲ.

"ಒಂದು ಬೆರಳು ಕೊಟ್ರೆ ಏನು ಸವೆದು ಹೋಗತ್ತಾ ಅಕ್ಕಾ?"

ಹಳೇ ರಾಣಿಯ ಕೈ ಸೊಂಟದ ಹತ್ತಿರ ಹೋಗಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಡಬ್ಬಿಯೊಂದನ್ನು ಹಿಡಿದು ಬಂತು. ಈಗ ಅವಳ ಕಣ್ಣಲ್ಲಿ ಬೇರೆ ಏನೋ ಇತ್ತು. ಹಸಿದವರ ಕಣ್ಣಲ್ಲಿ ಇರುವಂಥದ್ದು.

"ಇನ್ನೊಂದು ಸಲ ಕೇಳು," ಎಂದಳು ಮೆಲ್ಲಗೆ.

"ಕೊಡಿ ಅಕ್ಕಾ."

ಮುಚ್ಚಳ ತೆಗೆದಾಗ ಆರಿದ ಬತ್ತಿಯ ಕಮಟು ಮೂಗಿಗೆ ಬಡಿಯಿತು. ಮುಲಾಮು ಬೂದುಬಣ್ಣದ್ದು. ಅಷ್ಟು ಸೆಖೆಯಲ್ಲೂ ತಣ್ಣಗೆ ಕೊರೆಯುತ್ತಿತ್ತು. ಡಾಕ್ಟ್ರಮ್ಮ ಬೆರಳದ್ದಿ, ಎಲ್ಲರೂ ನೋಡಲೆಂದು ತಿರುಗಿ ನಿಂತು, ಹಲ್ಲಿಗೆ ಸವರಿಕೊಂಡಳು. ನಾಲಗೆಗೆ ಬೂದಿಯ ರುಚಿ ಹತ್ತಿತು. "ನೋಡಿದ್ರಾ? ಬದುಕಿದೀನಿ," ಎಂದು ಹಲ್ಲು ತೋರಿಸಿದಳು. ಒಬ್ಬಿಬ್ಬರು ನಕ್ಕರು. ರೇಡಿಯೋ ಮಾತ್ರ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡಳು.

ವೇದಿಕೆಯ ಮೇಲೆ ಅವಳು ಅವತ್ತು ನಡೆದಂತೆ ಯಾವತ್ತೂ ನಡೆದಿರಲಿಲ್ಲ. ನಗಬೇಕೆಂದು ನೆನಪಿಟ್ಟುಕೊಳ್ಳುವ ಗೋಜೇ ಇರಲಿಲ್ಲ. ಕೆನ್ನೆ ನೋಯಲಿಲ್ಲ, ತುಟಿ ಒಣಗಲಿಲ್ಲ. ಕ್ಯಾಮೆರಾ ಎತ್ತ ತಿರುಗಿದರೂ ಕೊನೆಗೆ ಅವಳ ಮುಖಕ್ಕೇ ಬಂದು ನಿಲ್ಲುತ್ತಿತ್ತು. ಸಾಲು ಕರಗುತ್ತ ಕರಗುತ್ತ ಬಂತು. ರೇಡಿಯೋಳ ಹೆಸರು ಬಿಟ್ಟುಹೋಯಿತು. ಕೊನೆಗೆ ಕೆಲವರೇ ಉಳಿದರು, ಪ್ರಶ್ನೆಯ ಸುತ್ತು ಬಂತು.

ತೀರ್ಪುಗಾರ್ತಿ ಮೈಕಿನ ಮೇಲೆ ಬಗ್ಗಿದಳು. "ನಿಮ್ಮ ಬದುಕಿನ ಅತ್ಯಂತ ದುಃಖದ ದಿನ ಯಾವುದು?"

ಅವಳ ಎದೆ ಹಗುರವಾಯಿತು. ಇದೇ ಅವಕಾಶ. ಅಪ್ಪ ನೋಡುತ್ತಿದ್ದಾರೆ. ಮಷೀನಿನ ಮೇಲೆ ಕುಸಿದ ಅಪ್ಪನ ಮಾತು ಹೇಳತೊಡಗಿದಳು. ಕಣ್ಣು ತುಂಬಿತು. ಈಗ ನಗು ಇಳಿಸಬೇಕು ಅಂದುಕೊಂಡಳು.

ಇಳಿಯಲಿಲ್ಲ.

ತುಟಿ ಮುಚ್ಚಲು ನೋಡಿದಳು. ತುಟಿ ಜಾರಿತು. ಇನ್ನೂ ಮೇಲಕ್ಕೆ ಜಾರಿತು. ಕೆನ್ನೆಯ ಪ್ರತಿಯೊಂದು ಸ್ನಾಯುವಿನ ಹೆಸರೂ ಅವಳಿಗೆ ಗೊತ್ತು. ಒಂದೂ ಮಾತು ಕೇಳಲಿಲ್ಲ. ಒಳಗಿನಿಂದ ಯಾರೋ ಬೆರಳು ಸಿಕ್ಕಿಸಿ ಬಾಯಿಯ ಮೂಲೆಗಳನ್ನು ಎಳೆದು ಹಿಡಿದಿದ್ದರು. ತಣ್ಣನೆಯ ಬೆರಳು. ಆರಿದ ಬತ್ತಿಯ ಕಮಟು. ಅಪ್ಪ ನೋಡುತ್ತಿದ್ದಾರೆ. ಅಪ್ಪ ಬಿದ್ದ ಕತೆ. ಮಗಳ ಹಲ್ಲು. ಇಳಿ. ಇಳಿಯೇ. ದೇವರೇ, ಇಳಿ. ದನಿ ಬಿಕ್ಕುತ್ತಿತ್ತು. ಮುಖ ನಗುತ್ತಿತ್ತು.

ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. "ಇಷ್ಟು ನೋವಿನಲ್ಲೂ ಎಂಥ ನಗು, ಎಂಥ ಧೈರ್ಯ!" ಎಂದು ತೀರ್ಪುಗಾರ್ತಿ ಕಣ್ಣೊರೆಸಿಕೊಂಡಳು.

ಗೆದ್ದವಳ ಹೆಸರು ಕೂಗಿದಾಗ ಅದು ತನ್ನದೇ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಹಿಂದಿನಿಂದ ಹಳೇ ರಾಣಿಯ ಹೆಜ್ಜೆ ಸದ್ದು ಬಂತು. ಕಿರೀಟ ನೆತ್ತಿಗೆ ತಾಗಿತು. ಪಿನ್ನು ಚುಚ್ಚುತ್ತಿದ್ದ ಬೆರಳುಗಳು ನಿಂತುಹೋದವು. ಡಾಕ್ಟ್ರಮ್ಮ ತಿರುಗಿ ನೋಡಿದಳು.

ಹಳೇ ರಾಣಿಯ ಮುಖ ಇಳಿಯುತ್ತಿತ್ತು. ಮೊದಲು ಬಾಯಿಯ ಮೂಲೆಗಳು, ಆಮೇಲೆ ಕೆನ್ನೆ, ಆಮೇಲೆ ಗಲ್ಲ. ಒಂದು ವರ್ಷ ಹಿಡಿದಿಟ್ಟ ಅಳು ಒಮ್ಮೆಗೇ ಕಟ್ಟೆಯೊಡೆಯಿತು. "ಅಮ್ಮಾ, ಅಮ್ಮಾ," ಎಂದು ಅವಳು ನಿಂತಲ್ಲೇ ಕುಸಿದು ಗೋಳಾಡಿದಳು. ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಪಟ್ಟ ಬಿಟ್ಟುಕೊಡುವ ಸಂಕಟವೆಂದುಕೊಂಡರು.

ಎಬ್ಬಿಸಲೆಂದು ಬಗ್ಗಿದ ಹೊಸ ರಾಣಿಯ ಕಿವಿಗೆ ಅವಳು ಬಾಯಿಟ್ಟಳು. "ನಾನಾಗೇ ಕೊಡಲಿಲ್ಲ. ನೀನೇ ಕೇಳಿದೆ. ಕ್ಷಮಿಸಿಬಿಡು ತಾಯಿ."

ಡ್ರೆಸ್ಸಿಂಗ್ ರೂಮಿನಲ್ಲಿ ಡಾಕ್ಟ್ರಮ್ಮ ಸೋಪು ಹಾಕಿ ಹಲ್ಲು ತಿಕ್ಕಿದಳು. ಒಸಡಿನಿಂದ ರಕ್ತ ಬಂತು. ಕೆನ್ನೆಗಳನ್ನು ಅಂಗೈಯಿಂದ ಕೆಳಕ್ಕೆ ನೂಕಿದಳು, ಕೈ ಬಿಟ್ಟೊಡನೆ ಮೇಲೆ ಬಂದವು. ಬಾಗಿಲಲ್ಲಿ ನಿಂತ ರೇಡಿಯೋ ಹತ್ತಿರ ಬರಲಿಲ್ಲ.

"ಸಹಾಯ ಮಾಡೇ," ಎಂದಳು ಡಾಕ್ಟ್ರಮ್ಮ.

"ಹಾಗೆ ನಗಬೇಡ ಕಣೆ. ಪ್ಲೀಸ್. ನಂಗೆ ಭಯ ಆಗತ್ತೆ," ಎಂದು ರೇಡಿಯೋ ಹಿಂದೆ ಹಿಂದೆ ಸರಿದು ಹೊರಟುಹೋದಳು.

ಕಾಲೇಜಿನ ಪ್ರೊಫೆಸರು ಎರಡೂ ಕೆನ್ನೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಮುಖ ಪೂರ್ತಿ ಮರಗಟ್ಟಿತು, ಜೊಲ್ಲು ಸೋರಿತು, ನಗು ಮಾತ್ರ ಇದ್ದಲ್ಲೇ ಇತ್ತು. ಅವರು ಸಿರಿಂಜನ್ನು ಟ್ರೇಯಲ್ಲಿಟ್ಟು, ಕೈ ತೊಳೆಯಲು ಹೋದವರು ತುಂಬ ಹೊತ್ತು ಈಚೆಗೆ ಬರಲಿಲ್ಲ.

ಮನೆಗೆ ಹೋಗದೆ ಎಷ್ಟು ದಿನ ಇರಲಾದೀತು? ಒಂದು ಬೆಳಿಗ್ಗೆ ದುಪಟ್ಟಾವನ್ನು ಕಣ್ಣಿನ ಕೆಳಗಿನವರೆಗೂ ಸುತ್ತಿಕೊಂಡು ಒಳಗೆ ಬಂದಳು. ಅಮ್ಮ ಅಪ್ಪಿಕೊಂಡಳು. "ಯಾಕೋ ಗೊತ್ತಿಲ್ಲ ಕಣೆ, ಅವತ್ತು ನೀನು ಮಾತಾಡೋವಾಗ ನಿಮ್ಮಪ್ಪ ಟೀವಿ ಆರಿಸು ಅಂತ ಕೈ ಬೀಸಿಬಿಟ್ರು," ಎಂದಳು.

ವ್ಯಾಯಾಮ ಮಾಡಿಸುವವನು ಆಗಲೇ ಬಂದಿದ್ದ. ಅಪ್ಪ ಮಂಚದ ಮೇಲಿದ್ದರು. ಮಗಳನ್ನು ಕಂಡು ಅವರ ಮುಖ ಅರಳಿತು, ಎಡಗೈ ಚಾಚಿದರು. ಅವಳು ಪಕ್ಕದಲ್ಲಿ ಕೂತಳು. ಮುಖ ಮುಚ್ಚಿದ್ದರೆ ಸಾಕು, ಕಣ್ಣಿನಲ್ಲೇ ಹೇಗೋ ನಿಭಾಯಿಸಿದರಾಯಿತು ಅಂದುಕೊಂಡಿದ್ದಳು. ಅವನು ಸೆಟೆದ ಕೈ ಹಿಡಿದು ಮೇಲೆತ್ತತೊಡಗಿದ. ಅಪ್ಪನ ಗಂಟಲಿಂದ ನರಳಿಕೆ ಹೊರಟಿತು. ಅವರ ಕಣ್ಣು ಮಗಳ ಮುಖ ಹುಡುಕಿತು. ಬಟ್ಟೆ ಅಡ್ಡವಿತ್ತು. ಕೈ ಇನ್ನೂ ಮೇಲೆ ಹೋಯಿತು. ಅಪ್ಪ ನೋವು ತಡೆಯಲಾರದೆ ಎಡಗೈಯಿಂದ ದುಪಟ್ಟಾ ಹಿಡಿದು ಎಳೆದುಬಿಟ್ಟರು.

ಅವಳು ನಗುತ್ತಿದ್ದಳು. ಹಲ್ಲುಗಳೆಲ್ಲ ಕಾಣುವಂತೆ, ಕೆನ್ನೆ ತುಂಬ.

"ನಂಗೂ ನೋವಾಗ್ತಿದೆ ಅಪ್ಪಾ! ಇದು ನಾನಲ್ಲ! ಅಪ್ಪಾ, ಇದು ನಾನಲ್ಲ!"

ಅದು ಅವರಿಗೆ ಬರೀ ಸದ್ದು. ನಗುವ ಬಾಯಿಂದ ಬಂದ ಸದ್ದು.

"ಏನೇ ಇದು? ಅವರು ಪ್ರಾಣ ಹೋಗೋ ಹಾಗೆ ನರಳ್ತಿದ್ರೆ ಕಿಸೀತಾ ಕೂತಿದ್ದೀಯಲ್ಲ!" ಎಂದು ಅಮ್ಮ ಬಾಗಿಲಿಂದ ಚೀರಿದಳು.

ಅಪ್ಪ ಬಹಳ ಹೊತ್ತು ಮಗಳ ಮುಖ ನೋಡಿದರು, ತಮಗೆ ಏನೋ ತಪ್ಪು ತಿಳಿದಿರಬಹುದು ಎನ್ನುವಂತೆ ಮತ್ತೆ ಮತ್ತೆ ನೋಡಿದರು. ಅವರ ತುಟಿ ಅದುರಿತು. ಆಮೇಲೆ ಹಿಡಿದಿದ್ದ ದುಪಟ್ಟಾ ಬಿಟ್ಟು, ಕಷ್ಟಪಟ್ಟು ಗೋಡೆಯ ಕಡೆಗೆ ಹೊರಳಿದರು. ಅವಳು ಮಂಚ ಸುತ್ತಿ ಆಚೆ ಹೋಗಿ ಮೊಣಕಾಲೂರಿದಳು. ಅವರು ಕಣ್ಣು ಮುಚ್ಚಿಕೊಂಡರು.