ಕೆಂಪು ದೀಪದ ಪುಡಿ

ಬೆಳಿಗ್ಗೆ ಹತ್ತು ಗಂಟೆಗೆ ಹಿರಿಯ ರಸಾಯನ ವಿಜ್ಞಾನಿ ತಮ್ಮ ಪ್ರಯೋಗಾಲಯದ ಮೇಜಿನ ಕೆಳಗೆ ಬಿದ್ದಿದ್ದರು. ಮೇಜಿನ ಮೇಲೆ ಅರ್ಧ ಕುಡಿದ ಚಹಾ. ಆಂಬುಲೆನ್ಸ್ ಹೊತ್ತಿಗೆ ಸರಿಯಾಗಿ ಬಂದದ್ದರಿಂದ ಆಕೆಯ ಜೀವ ಉಳಿಯಿತು.

ಇನ್ಸ್‌ಪೆಕ್ಟರಮ್ಮ ಕಾಲಿಟ್ಟದ್ದೇ ತಡ, ಸಂಸ್ಥೆಯ ನಿರ್ದೇಶಕರು ಅಪರಾಧಿಯನ್ನೇ ತೋರಿಸಿಬಿಟ್ಟರು.

“ಚಹಾ ಮಾಡಿದ್ದು ಇವಳು. ಅವರ ಸೋದರ ಸೊಸೆ, ಸಹಾಯಕಿ. ಔಷಧಿ ಪುಡಿಯ ಡಬ್ಬಿ ತೆರೆದೇ ಇದೆ, ನೋಡಿ. ಅವರೇ ಮಾಡಿದ್ದು, ಪರೀಕ್ಷೇಲಿ ಸೋತು ಹದಿನೈದು ವರ್ಷದ ಹಿಂದೆ ಕೈಬಿಟ್ಟ ಬಿಪಿ ಇಳಿಸೋ ಔಷಧಿ. ಕೆಲಸಕ್ಕೆ ಬಾರದ್ದು.”

“ಕೆಲಸಕ್ಕೆ ಬಾರದ್ದು ಆಳನ್ನೇ ಕೆಡವಿತಾ?”

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. “ನಂಗೇನು ಗೊತ್ತು? ಈ ಕೋಣೆಗೆ ಕಾಲಿಟ್ಟು ವರ್ಷಗಳೇ ಆದವು.”

* * *

ಸೊಸೆಯ ಕಣ್ಣು ಊದಿತ್ತು. “ನನ್ನ ಸಾಕಿದ್ದೇ ಅತ್ತೆ, ಮೇಡಂ. ಅವರಿಗೆ ನಾನು ವಿಷ ಹಾಕ್ತೀನಾ?”

“ಅಳೋದು ಆಮೇಲೆ. ಇಲ್ಲಿ ಕೆಂಪು ದೀಪ ಯಾಕೆ?”

“ಈ ಪುಡಿಗೆ ಬಿಸಿಲು ಆಗಿಬರಲ್ಲ, ಕೆಂಪು ಬೆಳಕಾದ್ರೆ ಏನೂ ಆಗಲ್ಲ. ಬಿಸಿಲಿಗೆ ಅಣು ಒಡೆದು ಶಕ್ತಿ ಹೋಗತ್ತೆ. ಹದಿನೈದು ವರ್ಷದ ಹಿಂದೆ ಉಗ್ರಾಣದಲ್ಲಿ ಸೀಸೆಗಳನ್ನ ಕಿಟಕೀಲಿ ಇಟ್ಟಿದ್ರು, ಅದಕ್ಕೇ ಔಷಧಿ ಸೋತದ್ದು. ಅತ್ತೆ ಈಗ ಅದನ್ನ ಕಂಡುಹಿಡಿದ್ರು. ತಪ್ಪು ಸಿಕ್ತು, ನಾಳೆ ಎಲ್ಲರೆದುರು ಹೇಳ್ತೀನಿ ಅಂತ ನಿನ್ನೆ ನಿರ್ದೇಶಕರಿಗೂ ಫೋನ್ ಮಾಡಿದ್ರು.”

“ಆಗ ಉಗ್ರಾಣ ಯಾರ ಕೈಲಿತ್ತು?”

“ನಿರ್ದೇಶಕರದೇ.”

“ಪುಡಿ ಕೈಗೆ ಅಂಟಿದ್ರೆ?”

“ಬೆವರಿಗೆ ಸೇರಿ ಚರ್ಮ ಹಿಡಿಯತ್ತೆ. ಸೋಪಿಗೂ ಬಿಡಲ್ಲ. ಬಿಸಿಲಿಗೆ ಹೋದ್ರೆ ನೀಲಿ ಆಗತ್ತೆ. ನಾವ್ಯಾರೂ ಗ್ಲೌಸ್ ಇಲ್ದೆ ಮುಟ್ಟಲ್ಲ.”

ಇನ್ಸ್‌ಪೆಕ್ಟರಮ್ಮನ ಮುಖ ಅರಳಿತು. ಹೊರಗೆ ಬಿಸಿಲು ಚೆನ್ನಾಗಿ ಕಾಯುತ್ತಿತ್ತು.

* * *

ಎಲ್ಲರೂ ಅಂಗಳಕ್ಕೆ ಬಂದರು. “ಕೈ ನೋಡಬೇಕು” ಎಂದದ್ದೇ ನಿರ್ದೇಶಕರು ನಗುತ್ತಾ ಎಲ್ಲರಿಗಿಂತ ಮುಂದೆ ಎರಡೂ ಅಂಗೈ ಚಾಚಿದರು. ತೊಳೆದ ಕೈ, ಹಾಲಿನಂತೆ ಬೆಳ್ಳಗೆ.

“ಸಾಕಾ?”

“ಹಾಗೇ ಹಿಡ್ಕೊಂಡಿರಿ ಸಾರ್. ಐದೇ ನಿಮಿಷ.”

ಮೂರನೇ ನಿಮಿಷಕ್ಕೆ ಬಲಗೈಯ ಹೆಬ್ಬೆರಳು ನೀಲಿಯಾಯಿತು. ಆಮೇಲೆ ತೋರುಬೆರಳು. ನಿರ್ದೇಶಕರು ಕೈಯನ್ನು ಅಂಗಿಗೆ ಒರೆಸಿದರು. ಹೋಗಲಿಲ್ಲ.

“ಗ್ಲೌಸ್ ಹಾಕೋ ಅಭ್ಯಾಸ ಇರೋರು ಇಲ್ಲಿ ಎಲ್ಲರೂ, ನೀವೊಬ್ಬರನ್ನ ಬಿಟ್ಟು,” ಎಂದಳು ಇನ್ಸ್‌ಪೆಕ್ಟರಮ್ಮ. “ಕೋಣೆಗೆ ಕಾಲೇ ಇಡದವರ ಬೆರಳಿಗೆ ಪುಡಿ ಹೇಗೆ ಬಂತು? ಔಷಧಿ ಕೆಡಿಸಿದ್ದು ನೀವು. ಕೆಟ್ಟ ಹೆಸರು ಆಕೆಗೆ. ಅದು ಇವತ್ತು ಬಯಲಾಗೋದಿತ್ತು. ಅದಕ್ಕೇ ಚಹಾಕ್ಕೆ ಪುಡಿ ಹಾಕಿ ಹುಡುಗಿ ತಲೆಗೆ ಕಟ್ಟಿದ್ರಿ.”

ನಿರ್ದೇಶಕರ ಕೈಗೆ ಬೇಡಿ ಬಿತ್ತು. ಸೊಸೆ ಈಗ ಸಂತೋಷಕ್ಕೆ ಅತ್ತಳು.

* * *

ಸಂಜೆ ಆಸ್ಪತ್ರೆಯಲ್ಲಿ ಅತ್ತೆ ಕಣ್ಣು ಬಿಟ್ಟರು. ಇನ್ಸ್‌ಪೆಕ್ಟರಮ್ಮ ಎಲ್ಲವನ್ನೂ ಹೇಳಿದಳು. ಅತ್ತೆಗೆ ಅದರ ಮೇಲೆ ಗಮನವೇ ಇರಲಿಲ್ಲ.

“ನನ್ನ ಬಿಪಿ ಎಷ್ಟಕ್ಕೆ ಇಳಿದಿತ್ತು?”

ಸೊಸೆ ಹೇಳಿದಳು.

ಅತ್ತೆ ದಿಂಬಿಗೆ ಒರಗಿ ಮನಸಾರೆ ನಕ್ಕರು. “ಬರ್ಕೋ ಮಗಳೇ, ಬರ್ಕೋ! ನನ್ನ ಔಷಧಿ ಕೆಲಸ ಮಾಡತ್ತೆ!”